ಭಾವನವರ ನಾಲ್ಕು ಪದರದ ಷಿಕಾರಿ ಉಡುಪು

ಗುರುವಾರ ಬೆಳಿಗ್ಗೆ ಚಾಮರಾಜಪುರಂ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತ ನಿಂತಾಗ, ಅಲ್ಲಿದ್ದವರೆಲ್ಲ ನಮ್ಮ ಭಾವನವರನ್ನೇ ತಿರುತಿರುಗಿ ನೋಡುತ್ತಿದ್ದರು. ನೋಡಲಿ ಎಂದೇ ಅಲ್ಲವೆ ನಾನು ಹೊಲಿದದ್ದು! ಕತ್ತಿನಲ್ಲಿ ಒಂದು ಸುಕ್ಕಿಲ್ಲ, ಹೆಗಲಲ್ಲಿ ಒಂದು ಮಡಿಕೆ ಇಲ್ಲ. ನಾನು ದರ್ಜಿ ಇನ್ನಾಸಪ್ಪ. ಈ ಊರಿನಲ್ಲಿ ಕೋಟು ಹೊಲಿಯುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಕಾಡಿಗೆ ಹೋಗುವವನ ಕೋಟು ಹೇಗಿರಬೇಕೆಂದು ನನ್ನಷ್ಟು ಯೋಚಿಸಿದವರು ಯಾರೂ ಇಲ್ಲವೆಂದು ಆ ಬೆಳಿಗ್ಗೆ ನಾನು ಖಂಡಿತವಾಗಿ ನಂಬಿದ್ದೆ.

ಭಾವ ಚೌರಪ್ಪನವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು, ನನ್ನ ಅಕ್ಕ ಜ್ಞಾನಮ್ಮನ ಗಂಡ. ಪ್ರತಿವರ್ಷ ದಸರಾ ರಜಕ್ಕೆ ಮುಂಚೆ ಬಿಳಿಗಿರಿರಂಗನ ಬೆಟ್ಟದ ಸಾಲಿಗೆ ಹಂದಿ ಹೊಡೆಯಲು ಹೋಗುವುದು ಅವರ ರೂಢಿ. ಹೋದ ವರ್ಷ ಹಾಗೆ ಹೋಗಿ ನೆನೆದು ಬಂದವರು ನ್ಯುಮೋನಿಯಾ ಹಿಡಿದು ಮಲಗಿದರು. ಚರ್ಚಿನ ಸ್ವಾಮಿಗಳು ಬಂದು ಹಣೆಗೆ ಎಣ್ಣೆ ಹಚ್ಚಿ ಕೊನೆಯ ಪ್ರಾರ್ಥನೆಯನ್ನೂ ಹೇಳಿಹೋಗಿದ್ದರು. ಅಕ್ಕ ನಲವತ್ತು ದಿನ ಅವರ ಬೆನ್ನಿಗೆ ಕಿವಿ ಇಟ್ಟು ಉಸಿರು ಕೇಳುತ್ತ ಕೂತಿದ್ದಳು. ಈ ವರ್ಷ ಭಾವ ಬಂದೂಕಿಗೆ ಎಣ್ಣೆ ಹಾಕಲು ಕೂತಾಗ ಅಕ್ಕ ಬಂದೂಕನ್ನು ಕಿತ್ತುಕೊಂಡು ಅಟ್ಟಕ್ಕೆ ಏರಿಸಿದಳು. ಅದನ್ನು ಇಳಿಸಿದವನು ನಾನು.

"ಅಕ್ಕ, ಇವರಿಗೆ ನಾನು ಬಟ್ಟೆ ಹೊಲೀತೀನಿ, ಜೊತೆಗೆ ನಾನೂ ಹೋಗ್ತೀನಿ. ಹೋದ ಹಾಗೇ ವಾಪಸ್ ಕರ್ಕೊಂಡು ಬರ್ತೀನಿ," ಎಂದೆ.

"ಒಂದು ಕೆಮ್ಮು ಬಂದ್ರೂ ನಿನ್ನ ಮುಖ ನೋಡಲ್ಲ ಕಣೋ."

"ನನ್ನ ಹೊಲಿಗೆ ಮೇಲೆ ನಂಬಿಕೆ ಇಲ್ವಾ?"

"ಹೊಲಿಗೆ ನಂಬ್ತೀನಿ. ನಿನ್ನ ಬಾಯಿ ನಂಬಲ್ಲ," ಎಂದಳು. ಆದರೂ ಗುಂಡಿಯ ಕಾಜಗಳನ್ನೆಲ್ಲ ಅವಳೇ ಹೊಲಿದುಕೊಟ್ಟಳು. ನಮ್ಮಪ್ಪನೂ ದರ್ಜಿಯೇ. ಕಾಜದ ಕೆಲಸದಲ್ಲಿ ಅಕ್ಕನ ಕೈ ನನಗಿಂತ ಚೊಕ್ಕಟ.

ಬಟ್ಟೆ ಆರಿಸುವುದಕ್ಕೇ ನನಗೆ ಎರಡು ವಾರ ಹಿಡಿಯಿತು. ಭಾದ್ರಪದ ಮುಗಿಯುವ ಹೊತ್ತಿನಲ್ಲಿ ಬೆಟ್ಟದ ಹವೆಗೆ ನಿಯತ್ತಿಲ್ಲ. ಮಧ್ಯಾಹ್ನ ಸುಡುತ್ತದೆ, ಸಂಜೆಗೆ ಮಂಜು ಸುತ್ತಿಕೊಳ್ಳುತ್ತದೆ. ಒಂದೇ ದಪ್ಪ ಕೋಟು ಸಾಲದೆಂದು ನಾಲ್ಕು ಪದರ ಮಾಡಿದೆ. ಮೈಗೆ ಹತ್ತಿಯ ಬನಿಯನ್, ಅದರ ಮೇಲೆ ಫ್ಲಾನೆಲ್ ಅಂಗಿ, ಅದರ ಮೇಲೆ ತೋಳಿಲ್ಲದ ಉಣ್ಣೆಯ ವಾಸ್ಕೋಟು, ಎಲ್ಲಕ್ಕೂ ಮೇಲೆ ಖಾಕಿ ಡ್ರಿಲ್ ಕೋಟು. ಖಾಕಿ ಕಾಡಿನಲ್ಲಿ ಹೊಳೆಯಬಾರದೆಂದು ಅಳಲೆಕಾಯಿ ಬೇಯಿಸಿದ ನೀರಿನಲ್ಲಿ ಅದ್ದಿ ಬಣ್ಣ ಮಂಕು ಮಾಡಿದೆ. ನಾಲ್ಕನ್ನೂ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಾಗ ಒಂದೇ ಒಂದು ಕೊರತೆ ಕಂಡಿತು. ಕೈ ಎತ್ತಿದರೆ ಒಳಗಿನವು ಮುದ್ದೆಗಟ್ಟಿ ಕೋಟಿನ ಹೆಗಲು ಉಬ್ಬುತ್ತಿತ್ತು. ದರ್ಜಿಯ ಕಣ್ಣಿಗೆ ಅದು ಸಹಿಸುವ ಮಾತೆ? ಬನಿಯನ್ನಿಗೂ ಮುಂದೆ ಗುಂಡಿ ಇಟ್ಟು, ನಾಲ್ಕನ್ನೂ ಕತ್ತು, ಕಂಕುಳು, ಅಂಚುಗಳಲ್ಲಿ ಸೇರಿಸಿ ಹೊಲಿದುಬಿಟ್ಟೆ. ನಾಲ್ಕು ಹೋಗಿ ಒಂದೇ ಉಡುಪಾಯಿತು. ಭಾವ ಬಂದೂಕು ಎತ್ತಿ ಗುರಿ ಹಿಡಿದು ನೋಡಿದರು. ಹೆಗಲು ಹಲಗೆಯಂತೆ ಸಪಾಟಾಗಿತ್ತು. ಭಾವನವರ ಸ್ನೇಹಿತರಾದ, ಮುಂದಿನ ವಾರ ಕಾಕನಕೋಟೆಗೆ ಷಿಕಾರಿಗೆ ಹೋಗಲಿದ್ದ ವಕೀಲರೊಬ್ಬರು ಅದನ್ನು ನೋಡಿ ತಮಗೂ ಅಂಥದೇ ಒಂದು ಬೇಕೆಂದರು. ಹೊರಡುವ ಮೊದಲೇ ಅದನ್ನೂ ಹೊಲಿದು ಅಂಗಡಿಯ ಗೂಟಕ್ಕೆ ನೇತುಹಾಕಿದೆ.

ನಂಜನಗೂಡು ದಾಟುವಷ್ಟರಲ್ಲಿ ಗಾಡಿಯೊಳಗೆ ಧಗೆ ಏರಿತು. ಭಾವ ಉಡುಪನ್ನು ಇಡಿಯಾಗಿ ಬಿಚ್ಚಿ ನನ್ನ ತೊಡೆಯ ಮೇಲಿಟ್ಟು ಹಳೇ ಜುಬ್ಬ ಹಾಕಿಕೊಂಡರು. ಮೂರನೇ ದರ್ಜೆಗೆ ಹತ್ತಾಣೆಯ ಮೇಲೆ ಕೊಟ್ಟಿದ್ದರೂ ಕೂರಲು ಅರ್ಧ ಹಲಗೆ ಮಾತ್ರ ಸಿಕ್ಕಿತು. ಚಾಮರಾಜನಗರದಲ್ಲಿ ಇಳಿದು, ಇಡ್ಲಿ ತಿಂದು, ಎತ್ತಿನ ಗಾಡಿ ಗೊತ್ತುಮಾಡಿದೆವು. ಬೆಟ್ಟದ ಬುಡಕ್ಕೆ ಹನ್ನೆರಡು ಮೈಲಿಯ ಮೇಲಾಗುತ್ತದೆ. ಇಕ್ಕೆಲಗಳಲ್ಲೂ ರಾಗಿ ಮೊಣಕಾಲೆತ್ತರ ಬಂದಿತ್ತು. ಆ ರಾತ್ರಿ ಗಾಡಿಯವನ ಮನೆಯ ಜಗಲಿಯಲ್ಲೇ ಮುದ್ದೆ, ಹುರುಳಿಕಾಳಿನ ಸಾರು ಉಂಡು ಮಲಗಿದೆವು.

ಶುಕ್ರವಾರ ಹೊತ್ತು ಏರಿದ ಮೇಲೆ ಮಾದಣ್ಣ ಬೆಟ್ಟ ಇಳಿದು ಬಂದ. ಸೋಲಿಗರವನು. ವರ್ಷವರ್ಷವೂ ಭಾವನವರಿಗೆ ದಾರಿ ತೋರಿಸುವವನು ಅವನೇ. ಒಂದು ತುಂಡು ಪಂಚೆ, ಹೆಗಲ ಮೇಲೆ ಮಡಿಸಿದ ಕಂಬಳಿ, ಇಷ್ಟೇ ಅವನ ಉಡುಪು. ನನ್ನ ಕುಶಲ ಕೆಲಸವನ್ನು ಅವನು ಹಸು ಕೊಳ್ಳುವವನಂತೆ ಸುತ್ತಿ ಸುತ್ತಿ ನೋಡಿದ.

"ಏನ್ ಬುದ್ಧಿ, ಬಿಸ್ಲಲ್ಲಿ ಇಷ್ಟೊಂದ ತೊಟ್ಕಂಡಿದ್ದೀರಿ? ಒಂದ್ ಅಂಗಿ ಇರ್ಲಿ, ಮಿಕ್ಕಿದ್ದ ಗಂಟು ಕಟ್ಕಳಿ. ಮ್ಯಾಕ್ ಓದ್ ಮ್ಯಾಲೆ ಆಕ್ಕಬೌದು," ಎಂದ.

"ಹಾಗೆಲ್ಲ ಒಂದೊಂದೇ ಬಿಚ್ಚೋಕೆ ಬರಲ್ಲ ಮಾದಣ್ಣ. ಎಲ್ಲಾ ಸೇರಿಸಿ ಹೊಲಿದಿದೆ," ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

ಮಾದಣ್ಣ ನಕ್ಕ. "ಈರುಳ್ಳಿನಾದ್ರೂ ಒಂದೊಂದೇ ಸುಲೀಬೌದು ಬುದ್ಧಿ."

ಭಾವ ನನ್ನ ಮುಖ ನೋಡಿದರು. ಬಿಚ್ಚಿದರೆ ಪೂರಾ ಬಿಚ್ಚಬೇಕು, ಜುಬ್ಬ ಉಳಿದಿದ್ದ ಎತ್ತಿನ ಗಾಡಿ ಬೆಳಿಗ್ಗೆಯೇ ಬಾಡಿಗೆಗೆ ಹೊರಟುಹೋಗಿತ್ತು, ಬರಿಮೈಯಲ್ಲಿ ನಡೆಯುವುದು ಡ್ರಿಲ್ ಮಾಸ್ತರಿಗೆ ಆಗದ ಮಾತು. "ಇರಲಿ ಬಿಡಿ ಭಾವ, ಬೆವರೋದು ಒಳ್ಳೇದೇ, ನೆಗಡಿ ಇಳಿಯುತ್ತೆ," ಎಂದು ನಾನೇ ಗುಂಡಿಗಳನ್ನು ಕತ್ತಿನವರೆಗೆ ಹಾಕಿದೆ. ನನ್ನ ಉಡುಪಿನ ಕಥೆ ಬೇರೆ. ಊರಿಗೆಲ್ಲ ಹೊಲಿಯುವ ದರ್ಜಿಗೆ ತನ್ನದನ್ನು ಮುಗಿಸಲು ಎಂದೂ ಪುರಸೊತ್ತಿಲ್ಲ. ನಾನು ಒಂದು ತೆಳು ಅಂಗಿಯಲ್ಲಿ ನಡೆದೆ. ಇನ್ನೊಂದು ಬನಿಯನ್, ಒಂದು ಹಳೇ ಉಣ್ಣೆ ಅಂಗಿ ಬೆನ್ನಿನ ಗಂಟಿನಲ್ಲಿದ್ದವು.

ಏರು ಆರು ಮೈಲಿ. ಮೊದಲು ಬಿದಿರು, ಆಮೇಲೆ ಆಳೆತ್ತರದ ಹುಲ್ಲು. ಒಂದು ಕಡೆ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು. ಅಲ್ಲಿ ಮಾತು ನಿಲ್ಲಿಸಿ ದಾಟಿದೆವು. ಭಾವನವರ ಮುಖ ಕೆಂಪಾಗಿ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆದರೂ ಹೊರಗಿನ ಖಾಕಿ ಗರಿಗರಿಯಾಗಿಯೇ ಇತ್ತು. ನಾನು ಅದನ್ನು ನೋಡಿ ಸಮಾಧಾನಪಟ್ಟುಕೊಂಡೆ. ಒಳಗೆ ಕೈಹಾಕಿ ನೋಡುವ ಬುದ್ಧಿ ಬರಲಿಲ್ಲ.

ಸಂಜೆ ಐದಕ್ಕೆ ಮಾದಣ್ಣನ ರಾಗಿ ಹೊಲ ಸೇರಿದೆವು. ಹಂದಿಗಳು ಅರ್ಧ ಹೊಲವನ್ನು ಉತ್ತುಹಾಕಿದ್ದವು. ಅಂಚಿನ ಮತ್ತಿಮರದ ಮೇಲೆ ಅಟ್ಟಣೆ ಕಟ್ಟಿತ್ತು. ಭಾವನವರೂ ನಾನೂ ಹತ್ತಿ ಕೂತೆವು, ಮಾದಣ್ಣ ಬುಡದಲ್ಲಿ ಉಳಿದ. ಸೂರ್ಯ ಮರೆಯಾದದ್ದೇ ತಡ, ಪಡುವಣದಿಂದ ಗಾಳಿ ಬೀಸಿತು, ಹಿಂದೆಯೇ ಮಂಜು ಬಂತು. ಹತ್ತು ನಿಮಿಷದಲ್ಲಿ ಅಟ್ಟಣೆಯ ಗಳುಗಳು ಅಲ್ಲಾಡತೊಡಗಿದವು. ಗಾಳಿಗೆ ಎಂದುಕೊಂಡೆ. ಅಲ್ಲ, ಭಾವ ನಡುಗುತ್ತಿದ್ದರು.

ಆಮೇಲೆ ಒಂದು ಕೆಮ್ಮು ಬಂತು. ಸಣ್ಣದು, ಒಣದು. ಕತ್ತಿನ ಗುಂಡಿ ಬಿಚ್ಚಿ ಒಳಗೆ ಕೈ ತೂರಿಸಿದೆ. ಬನಿಯನ್ ಹಿಂಡಿದರೆ ನೀರು ಸುರಿಯುವಂತಿತ್ತು. ಫ್ಲಾನೆಲ್ ತಣ್ಣಗೆ ಮೈಗೆ ಅಂಟಿಕೊಂಡಿತ್ತು. ಹೊರಗಿನ ಮಂಜು ಒಳಕ್ಕೆ ಬಾರದಂತೆ ಹೊಲಿದಿದ್ದೆ, ನಿಜ. ಒಳಗಿನ ನೀರು ಹೊರಗೆ ಹೋಗುವ ದಾರಿಯನ್ನೂ ಮುಚ್ಚಿದ್ದೆ. ವಾಸ್ಕೋಟು ಇನ್ನೂ ಒಣಗೇ ಇತ್ತು, ಆದರೆ ನನ್ನದೇ ದಾರ ಅದನ್ನು ಆ ಒದ್ದೆಗೆ ಕಟ್ಟಿಹಾಕಿತ್ತು. ಅಕ್ಕ ಕಿವಿ ಇಟ್ಟು ಕೂತಿದ್ದ ಆ ನಲವತ್ತು ದಿನಗಳು ಕಣ್ಣ ಮುಂದೆ ಬಂದವು. ನನಗೆ ಅಳುವೇ ಬಂದುಬಿಟ್ಟಿತು.

"ಮಾದಣ್ಣ, ಕತ್ತಿ ಕೊಡು!" ಎಂದು ಕೂಗಿದೆ.

"ಕೂಗಬ್ಯಾಡಿ ಬುದ್ಧಿ, ಅಂದಿ ಬತ್ತಾ ಅವೆ!"

"ಹಂದಿ ಹಾಳಾಗಲಿ, ಕತ್ತಿ ಕೊಡು!"

ಭಾವನವರನ್ನು ಕೆಳಗಿಳಿಸಿ ಉಡುಪನ್ನು ಎಳೆದು ತೆಗೆದು, ಕತ್ತಿಯ ತುದಿಯಿಂದ ನನ್ನ ಹೊಲಿಗೆಗಳನ್ನು ಪರಪರ ಕಿತ್ತೆ. ಅಷ್ಟು ಗಟ್ಟಿಯಾಗಿ ಯಾವ ದರಿದ್ರದವನು ಹೊಲಿದನೋ ಎಂದು ಬೈದುಕೊಂಡೆ. ಭಾವ ಸೊಂಟದ ಮೇಲೆ ನೂಲೆಳೆಯಿಲ್ಲದೆ ನಿಂತಿದ್ದಾಗಲೇ ಹೊಲದ ಆ ಬದಿಯಿಂದ ಒಂದು ಒಂಟಿಗ ಗಂಡುಹಂದಿ ಹೊರಬಂತು. ಕೋರೆ ಬಿಳಿಯಾಗಿ ಕಂಡಿತು. ನಮ್ಮನ್ನು ನಿಧಾನವಾಗಿ ನೋಡಿತು. ಬಂದೂಕು ಅಟ್ಟಣೆಯ ಮೇಲಿತ್ತು. ಅದು ನಾಲ್ಕು ಬಾಯಿ ರಾಗಿ ತಿಂದು, ತನ್ನ ಪಾಡಿಗೆ ತಾನು ಹೊರಟುಹೋಯಿತು.

ನನ್ನ ಗಂಟಿನಲ್ಲಿದ್ದ ಒಣ ಬನಿಯನ್, ಹಳೇ ಉಣ್ಣೆ ಅಂಗಿ ಭಾವನವರ ಮೈಗೇರಿದವು. ಅವುಗಳ ಮೇಲೆ ವಾಸ್ಕೋಟು, ಕೋಟು. ಗುಡಿಸಲಿನ ಬೆಂಕಿಯ ಮುಂದೆ ಕೂರಿಸಿ ಬೆನ್ನುಜ್ಜಿದೆ. ಮಾದಣ್ಣ ತನ್ನ ಕಂಬಳಿಯನ್ನು ನನಗೆ ಹೊದಿಸಿದ. ಬೆಂಕಿಯ ಮೇಲೆ ಒಣಗಿಸಿದ ಕಡವೆ ಮಾಂಸ ತೂಗುತ್ತಿತ್ತು. ಶುಕ್ರವಾರ ನಮ್ಮವರು ಮಾಂಸ ಮುಟ್ಟುವುದಿಲ್ಲವಾದ್ದರಿಂದ ನಾವಿಬ್ಬರೂ ಅದನ್ನು ನೋಡುತ್ತ ಸೊಪ್ಪಿನ ಸಾರಿನಲ್ಲೇ ಮುದ್ದೆ ಉಂಡೆವು. ಎರಡನೇ ಕೆಮ್ಮು ಬರಲಿಲ್ಲ.

"ಬೆಟ್ಟ ಅತ್ತುವಾಗ ಚಳಿಯಾಗಂಗಿರ್ಬೇಕು, ಕೂತಾಗ ಬೆಚ್ಚಗಿರ್ಬೇಕು. ನೀವು ತಿರುಗಾಮುರುಗ ಮಾಡ್ಬುಟ್ರಿ," ಎಂದ ಮಾದಣ್ಣ. ಎರಡು ವಾರ ಕನ್ನಡಿಯ ಮುಂದೆ ಯೋಚಿಸಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಕನ್ನಡಿಯ ಮುಂದೆ ಮನುಷ್ಯ ಬೆವರುವುದೂ ಇಲ್ಲ, ನಡುಗುವುದೂ ಇಲ್ಲ.

ಶನಿವಾರ ಬೆಳಗಿನ ಜಾವ ಭಾವ ನನ್ನ ಬನಿಯನ್ನಿನಲ್ಲೇ ಹಳ್ಳದವರೆಗೆ ನಡೆದರು. ಅಲ್ಲಿ ಕೂತ ಮೇಲೆ ಗಂಟು ಬಿಚ್ಚಿ ಒಂದರ ಮೇಲೊಂದು ಕೊಟ್ಟೆ, ತೊಟ್ಟರು. ಹೆಗಲು ಉಬ್ಬಿತು, ಉಬ್ಬಲಿ. ಬಿಸಿಲು ಮರದ ತುದಿ ಮುಟ್ಟುವ ಹೊತ್ತಿಗೆ ಅದೇ ಒಂಟಿಗ ನೀರಿಗೆ ಬಂತು. ಭಾವ ಹೊಡೆದ ಒಂದೇ ಗುಂಡಿಗೆ ಉರುಳಿತು. ಮಾದಣ್ಣನ ಪಾಲು ಕೊಟ್ಟು, ಒಂದು ತೊಡೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಇಳಿದೆವು. ಸಂಜೆಗೆ ಚಾಮರಾಜನಗರ ಸೇರಿದೆವು. ದಾರಿಯುದ್ದಕ್ಕೂ ನನ್ನ ಧೈರ್ಯ ಮೆಲ್ಲಗೆ ವಾಪಸ್ಸು ಬರುತ್ತಿತ್ತು. ಅಕ್ಕನಿಗೆ ಏನೂ ಹೇಳಬೇಕಾಗಿಲ್ಲವೆಂದು ತೀರ್ಮಾನಿಸಿದೆ.

ಭಾನುವಾರ ರೈಲಿಳಿದು ಮನೆಗೆ ಬಂದಾಗ ಅಕ್ಕ ಆಗತಾನೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಿದ್ದಳು. ತಲೆಯ ಮೇಲಿನ ಸೆರಗನ್ನೂ ಇಳಿಸಿರಲಿಲ್ಲ. ಹಂದಿಯ ತೊಡೆಯನ್ನು ತಿರುಗಿಯೂ ನೋಡಲಿಲ್ಲ. ಗಂಡನ ಹಿಂದೆ ಬಂದು ನಿಂತು ಬೆನ್ನಿಗೆ ಕಿವಿ ಇಟ್ಟಳು. "ಉಸಿರು ಎಳ್ಕೊಳ್ಳಿ," ಎಂದಳು. ಭಾವ ಎಳೆದರು. "ಇನ್ನೊಂದು ಸಲ." ನಾನು ನನ್ನ ಉಸಿರನ್ನು ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಅವಳ ಕಣ್ಣುಗಳು ತುಂಬಿಬಂದವು. ಎದೆ ಶುದ್ಧವಾಗಿತ್ತು.

ಗೆದ್ದೆನೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಬೆರಳು ಕೋಟಿನ ಕತ್ತಿನ ಮೇಲೆ ನಿಂತಿತು. ಕಿತ್ತ ಹೊಲಿಗೆಯ ದಾರಗಳು ಅಲ್ಲಿ ನೇತಾಡುತ್ತಿದ್ದವು. ಗುಂಡಿ ಬಿಚ್ಚಿ ಒಳಗೆ ನೋಡಿದಳು. ತಾನೇ ಮೊಣಕೈಗೆ ತೇಪೆ ಹಾಕಿಕೊಟ್ಟಿದ್ದ ನನ್ನ ಹಳೇ ಉಣ್ಣೆ ಅಂಗಿ ಅಲ್ಲಿತ್ತು. ದರ್ಜಿಯ ಮಗಳಿಗೆ ಬೇರೆ ಹೇಳಬೇಕಾದದ್ದೇನೂ ಇರಲಿಲ್ಲ.

ಬೈಯುತ್ತಾಳೆಂದು ಕಾದೆ. ಅಕ್ಕ ಕತ್ತರಿ ತೆಗೆದುಕೊಂಡು ಅಂಗಡಿಗೆ ನಡೆದಳು. ಗೂಟದಲ್ಲಿದ್ದ ವಕೀಲರ ಉಡುಪನ್ನು ಇಳಿಸಿ, ಮಡಿಲಲ್ಲಿಟ್ಟುಕೊಂಡು, ಕತ್ತಿನಿಂದ ಶುರುಮಾಡಿ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.

"ಅಕ್ಕ, ನಾನೇ ಮಾಡ್ತೀನಿ ಬಿಡು," ಎಂದೆ.

"ಕೂತ್ಕೊಂಡು ಆ ತೋಳು ಹಿಡ್ಕೋ," ಎಂದಳು, ತಲೆ ಎತ್ತದೆ. "ಅವರ ಮನೇಲೂ ಒಬ್ಬಳು ಕಾಯ್ತಿರ್ತಾಳೆ ಕಣೋ."