ಸೂರ್ಯ ಕಾಪಿ ಹೊಡೆದ ವೈವಾ

ಗೆಳೆಯರೇ, ಇವತ್ತು ನಮ್ಮ ಶಿವಮೊಗ್ಗದ ಲ್ಯಾಬಿನಲ್ಲಿ ಸಾಕ್ಷಾತ್ ಸೂರ್ಯನೇ ಕಾಪಿ ಹೊಡೆದು ಸಿಕ್ಕಿಬಿದ್ದ.

ಎಂ.ಎಸ್ಸಿ. ಪ್ರಾಜೆಕ್ಟಿನ ವೈವಾ. ನನ್ನ ವಿದ್ಯಾರ್ಥಿನಿ ಶೈಲಜಾಳ ಪುಟ್ಟ ಪ್ರೋಗ್ರಾಮು ಕಾಂತಕ್ಷೇತ್ರದ ಬೆಲೆ ಕೊಟ್ಟು ಇನ್ನೊಂದು ದೊಡ್ಡ ಪ್ರೋಗ್ರಾಮನ್ನು ಕೆಲಸಕ್ಕೆ ಕರೆಯುತ್ತದೆ. ಅದು ಸೂರ್ಯನ ಪ್ಲಾಸ್ಮಾ ಹೇಗೆ ಕುಣಿಯುತ್ತದೆಂದು ಲೆಕ್ಕ ಹಾಕಿ, ಬೆಂಕಿಯ ಕಮಾನಿನ ಚಿತ್ರ ಕೊಡುತ್ತದೆ. ಭದ್ರಾವತಿಯಿಂದ ಬಂದಿದ್ದ ಪರೀಕ್ಷಕರಿಗೆ ಅವಳ ನಲವತ್ತು ಸಾಲು ನೋಡಿಯೇ ಅನುಮಾನ.

"ಎಲ್ಲಾ ಕೆಲ್ಸ ಅದೇ ಮಾಡಿದ್ರೆ ನೀನು ಮಾಡಿದ್ದೇನಮ್ಮಾ?"

"ಕರೆದೆ ಸಾರ್. ಕರೆಯೋದೇ ಪ್ರಾಜೆಕ್ಟು."

"ಹಂಗಾದ್ರೆ ಕಾಂತಕ್ಷೇತ್ರ ಸೊನ್ನೆ ಮಾಡಿ ಕರಿ, ನೋಡೋಣ."

ಕರೆದಳು. ಚಿತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ.

"ಚಿತ್ರ ಮನೇಲೇ ಮಾಡ್ಕೊಂಡು ಬಂದಿದೀಯ!" ಪರೀಕ್ಷಕರು ಫೇಲು ಮಾಡಲು ಪೆನ್ನಿನ ಮುಚ್ಚಳ ತೆಗೆದರು.

ಶೈಲಜಾ ಪ್ರೋಗ್ರಾಮಿನ ಫೋಲ್ಡರು ತಡಕಿದಳು. ಅಲ್ಲೊಂದು ಹಳೇ ಇನ್‌ಪುಟ್ ಫೈಲು ಕೂತಿತ್ತು. ದೊಡ್ಡ ಪ್ರೋಗ್ರಾಮು ಇವಳು ಕೊಟ್ಟ ಬೆಲೆ ಬಿಟ್ಟು ಅದರಲ್ಲಿದ್ದದ್ದನ್ನೇ ಓದುತ್ತಿತ್ತು. ಅಳಿಸಿ ಮತ್ತೆ ಕರೆದಳು. ಕಾಂತಕ್ಷೇತ್ರದ ಹಿಡಿತ ತಪ್ಪಿ ಸೂರ್ಯನ ಬೆಂಕಿಯ ಕಮಾನು ತೆರೆಯ ಮೇಲೆ ಚೆಲ್ಲಾಪಿಲ್ಲಿಯಾಯಿತು.

"ಪಾಸು ಕಣಮ್ಮಾ. ಆದ್ರೆ ಆ ಫೈಲು ಇಟ್ಟೋರು ಯಾರು?"

ಅವಳು ಮೆಲ್ಲಗೆ ನನ್ನತ್ತ ನೋಡಿದಳು; ಪರೀಕ್ಷಕರೂ ನೋಡಿದರು. ನಾನೋ, ಸೀನಿಯರ್‌ಗಳ ರೆಕಾರ್ಡಿನಿಂದ 'ಒಳ್ಳೇ ರೀಡಿಂಗು' ಇಳಿಸಿಕೊಂಡು ಪ್ರಾಕ್ಟಿಕಲ್ಸ್ ದಾಟಿದ ಪೀಳಿಗೆಯವನು. ವೈವಾ ಹೊತ್ತಿಗೆ ಎಡವಟ್ಟಾಗದಿರಲೆಂದು, ಹಿಂದೆ ಒಳ್ಳೇ ಚಿತ್ರ ಬಂದಿದ್ದ ಆ ಫೈಲನ್ನು ನಿನ್ನೆ ನಾನೇ ಇಟ್ಟಿದ್ದೆ.

ಊಟಕ್ಕೆ ಕೂತಾಗ ಪರೀಕ್ಷಕರು ಸೂರ್ಯನ ಸುದ್ದಿಯನ್ನೇ ಎತ್ತಲಿಲ್ಲ. ಹಪ್ಪಳ ಮುರಿಯುತ್ತಾ ಕೇಳಿದ್ದು ಒಂದೇ:

"ನಿಮಗೆ ಪ್ರಾಕ್ಟಿಕಲ್ಸ್‌ನಲ್ಲಿ ಮಾರ್ಕ್ಸ್ ಕೊಟ್ಟೋರು ಇನ್ನೂ ಇದಾರಾ ಮಾರಾಯ್ರೇ?"