ಸಹಿ ಹಾಕಿ ಎದ್ದು ಬಂದ ಮಧ್ಯಾಹ್ನ

ಮೊನ್ನೆ ಬ್ರಹ್ಮಾವರದಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತವರ ಸೆರಗಿನಿಂದ ಸುಟ್ಟ ಗೇರುಬೀಜದ ಹೊಗೆವಾಸನೆ ಬಂತು. ಥಟ್ಟನೆ ತಿರುಗಿ ನೋಡಿದೆ. ಗುಲಾಬಕ್ಕ ಅಲ್ಲ, ಬೇರೆ ಯಾರೋ.

ನಮ್ಮ ವಾರ್ಡಿನ ಪಂಚಾಯತ್ ಸದಸ್ಯೆಯಾಗಿದ್ದಾಗಲೂ ಗುಲಾಬಕ್ಕ ಗೇರುಬೀಜದ ಫ್ಯಾಕ್ಟರಿ ಬಿಟ್ಟವರಲ್ಲ. ಸಂಜೆ ಕೆಲಸ ಮುಗಿಸಿ ಬಂದು ನಮ್ಮ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತು, ಯಾವ ಬೀದಿದೀಪ ಕೆಟ್ಟಿದೆ, ಯಾರ ಪಿಂಚಣಿ ನಿಂತಿದೆ ಎಂದು ವಿಚಾರಿಸುತ್ತಿದ್ದರು. ನೀವೇ ಹೇಳಿ, ಈಗ ಯಾರು ಹಾಗೆ ಬಂದು ಕೂರುತ್ತಾರೆ?

ಅವರ ಮನೆ ಹೊಳೆಬದಿಯಲ್ಲಿ. ಮಾರ್ಚ್ ಬಂತೆಂದರೆ ಅಲ್ಲಿನ ಐದೂ ಮನೆಗಳ ಬಾವಿ ಉಪ್ಪು. ನಲ್ಲಿಯ ಪೈಪು ನಮ್ಮ ಗೇಟಿಗೇ ನಿಂತಿತ್ತು. ಅವರೆಲ್ಲ ನಮ್ಮ ಬಾವಿಯಿಂದ ನೀರು ಹೊರುತ್ತಿದ್ದರು. ಪೈಪು ಮುಂದೆ ಹೋಗಬೇಕಾದರೆ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು, ಅದು ವರ್ಷದ ಕೆಲಸಗಳ ಪಟ್ಟಿಗೆ ಸೇರಬೇಕು.

“ಹ್ವಾಯ್ ಅಮ್ಮ, ನೀವ್ ಕೇಣ್ಕ್. ನಾನ್ ಕೇಂಡ್ರೆ ತನ್ ಮನಿಗೇ ನೀರ್ ಕೇಂತ್ಲ್ ಅಂತ್ರ್,” ಎಂದರು ಗುಲಾಬಕ್ಕ. ಸದಸ್ಯೆ ತನ್ನ ಮನೆಗೇ ನೀರು ಕೇಳುತ್ತಾಳೆ ಎಂಬ ಮಾತು ಅವರಿಗೆ ಬೇಡವಾಗಿತ್ತು.

“ನನಗೆ ಮೈಕೆಂದರೆ ಹೆದರಿಕೆ.”

“ಕಾನ್ವೆಂಟಂಗ್ ಓದದ್ ಎಂತಕ್ ಮತ್ತೆ? ಮೀನ್ ಹುರೂಕಾ?”

ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು ಕೇಳಿದಾಗ ಮಾತ್ರ ಬಾಯಿ ಬಿಡುವುದನ್ನು. ಚಂದದ ಅಕ್ಷರವನ್ನೂ ಕಲಿಸಿದ್ದರು. ಹಾಗಾಗಿ ಎರಡು ಪುಟದ ಅರ್ಜಿ ಬರೆದೆ. ಸ್ಕೇಲಿಟ್ಟು ಮಾರ್ಜಿನ್ ಕೂಡ ಎಳೆದೆ. ಸಭೆಯ ದಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಅರ್ಜಿಯನ್ನು ಮೇಜಿನ ಮೇಲಿಟ್ಟು, ಉಳಿದ ಹೆಂಗಸರ ಜೊತೆ ಚಾ ಕುಡಿದು ಮೆಲ್ಲನೆ ಎದ್ದು ಬಂದೆ. ಒಲೆಯ ಮೇಲೆ ಬಂಗುಡೆ ಮೀನು ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಇರಲಿಲ್ಲ.

ಅರ್ಜಿ ಫೈಲಿಗೆ ಹೋಯಿತು. ಎದ್ದು ನಿಂತು ಕೇಳಿದವರ ಕೇರಿಗೆ ರಸ್ತೆ ಬಂತು. ಗುಲಾಬಕ್ಕ ಬೈಯಲಿಲ್ಲ. “ಅಕ್ಷರ ಲಾಯ್ಕಿತ್ತ್ ಅಮ್ಮ. ಸಭೆಯಿಂದ ಎದ್ದ್ ಹೋಪತಿಗೆ ನನ್ನನ್ನೂ ಕರೀಕಿತ್ತ್, ಒಟ್ಟಿಗೇ ಬತ್ತಿದ್ದೆ,” ಎಂದು ನಕ್ಕು, ಕೊಡವನ್ನು ಸೊಂಟಕ್ಕೇರಿಸಿ ಹೊರಟರು.

ಇನ್ನೂ ಮೂರು ಬೇಸಿಗೆ ಹೊತ್ತರು. ಸೊಂಟ ಸೋತ ಮೇಲೆ ಮನೆಗೆ ಬೀಗ ಹಾಕಿ ಬೈಂದೂರಿನ ಮಗಳಲ್ಲಿಗೆ ಹೋದರು. ಉಳಿದ ನಾಲ್ಕು ಮನೆಯವರು ನೀರು ಸೇದುವಾಗ ರಾಟೆ ಕಿರುಗುಟ್ಟಿದರೆ, ಅವರೇ ಎಂದು ಈಗಲೂ ಅಡುಗೆಮನೆಯ ಕಿಟಕಿಗೆ ಬರುತ್ತೇನೆ.

ನಮ್ಮೂರು ಈಗ ಪಟ್ಟಣ ಪಂಚಾಯತ್. ಗ್ರಾಮಸಭೆ ಇಲ್ಲ, ಆ ಮೈಕೂ ಇಲ್ಲ. ಯಾವುದಕ್ಕೆ ಹೆದರಿ ಓಡಿ ಬಂದೆನೋ ಅದಕ್ಕೇ ಹಂಬಲಿಸುವ ನನ್ನನ್ನು ನೋಡಿ ನೀವು ನಗಬಹುದು.

ಮೊನ್ನೆ ಬಸ್ಸಿಳಿದವಳು ಮನೆಗೆ ಬರಲಿಲ್ಲ. ವಾರ್ಡಿನ ಹೊಸ ಸದಸ್ಯರ ಮನೆಗೆ ಹೋದೆ. ಅವರು ಊಟಕ್ಕೆ ಕೂರುವುದರಲ್ಲಿದ್ದರು. ಹೊಳೆಬದಿಯ ಪೈಪಿನ ವಿಷಯ ಎಂದೆ.

“ಒಂದ್ ಅರ್ಜಿ ಬರ್ದ್ ಕೊಡಿ ಅಮ್ಮ, ಕಾಂಬ.”

“ಬರಿತಿಲ್ಲೆ, ಹೇಳ್ತೆ,” ಎಂದೆ. “ನೀವ್ ಉಂಡ್ಕಂಡ್ ಬನ್ನಿ. ನಾ ಹೋತಿಲ್ಲೆ.”