ತಂತಿ ಬಿಚ್ಚಿದ ಮಿಲಿಟರಿ ಜನರೇಟರು

ಡೀಸೆಲ್ ಕ್ಯಾನಿಗೆ ಬೆಂಕಿ ತಗುಲಬಹುದಿತ್ತು. ಹೊಗೆ ಕಿಟಕಿಯಿಂದ ಒಳಗೆ ಬಂದು, ಅವ್ವನ ಎದೆಯಲ್ಲಿ ಉಳಿದಿರುವ ಇಷ್ಟೇ ಇಷ್ಟು ಉಸಿರನ್ನೂ ಕಟ್ಟಬಹುದಿತ್ತು. ಜನರೇಟರಿನ ಕರೆಂಟು ಲೈನಿಗೆ ಹಿಂದಕ್ಕೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯಬಹುದಿತ್ತು. ಹ್ಯಾಂಡಲ್ ತಿರುಗಿ ಬಡಿದು ನಿಮ್ಮ ಕೈ ಮುರಿಯಬಹುದಿತ್ತು, ಮುನಿಶಾಮಣ್ಣ. ಸೈನ್ಯದವರು ಜೀಪಿನಲ್ಲಿ ಬಂದು, "ನಮ್ಮ ಸಾಮಾನು ನಿಮ್ಮ ಹಿತ್ತಲಿಗೆ ಹೇಗೆ ಬಂತು?" ಎಂದು ಕೇಳಬಹುದಿತ್ತು — ಅದಕ್ಕೇ ಹರಾಜಿನ ಕಾಗದವನ್ನು ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಅಕ್ಕಿ ಡಬ್ಬದಲ್ಲಿಟ್ಟಿದ್ದೆ. ಇದ್ಯಾವುದೂ ಆಗಲಿಲ್ಲ. ಆದದ್ದು ಬೇರೆ. ಅದಕ್ಕೆ ಮೊದಲು ನಾನು ಮಾಡಿದ್ದನ್ನು ಹೇಳಬೇಕು: ಮೂರು ವರ್ಷದಿಂದ ನೀವು ಮೈಯೆಲ್ಲ ಬೆವರು ಮಾಡಿಕೊಂಡು ಸ್ಟಾರ್ಟ್ ಮಾಡುತ್ತಿರುವ ಆ ಜನರೇಟರಿನಿಂದ ನಮ್ಮ ಮನೆಗೆ ಕರೆಂಟು ಬರುತ್ತಿಲ್ಲ. ತಂತಿ ಬಿಚ್ಚಿಸಿದವಳು ನಾನು.

ವರ್ತೂರಿನ ನಿಮ್ಮ ಮನೆಗೆ ನಾವು ಬಾಡಿಗೆಗೆ ಬಂದಾಗ ಅವ್ವನಿಗೆ ಆಕ್ಸಿಜನ್ ಮಿಷನ್ ಹಾಕಿ ತಿಂಗಳಾಗಿತ್ತು. ಅದು ಕರೆಂಟಿಲ್ಲದೆ ನಡೆಯದು; ಇಲ್ಲಿ ಕರೆಂಟು ಮೋಡ ಕಂಡರೆ ಸಾಕು, ಹೋಗುತ್ತದೆ. ನನ್ನ ಕೆಲಸ ನಿಮಗೆ ಗೊತ್ತು — ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಳ ತಪ್ಪು ಹುಡುಕುವುದು. ಅಲ್ಲಿ ಸಂಬಳಕ್ಕಾಗಿ ಅನುಮಾನಪಡುತ್ತೇನೆ, ಮನೆಯಲ್ಲಿ ಬಿಟ್ಟಿಯಾಗಿ. ಅಂಥವಳು ಅಂಗಡಿಯ ಹೊಸ ಜನರೇಟರನ್ನು ನಂಬದೆ, ಸೈನ್ಯ ಹರಾಜು ಹಾಕಿದ್ದನ್ನು ತಂದು ಮಾರುವ ಪೀಣ್ಯದ ಗೋದಾಮಿಗೆ ಹೋದೆ. ಯುದ್ಧಕ್ಕೆಂದು ಮಾಡಿದ್ದು ಕೈಕೊಡುವುದಿಲ್ಲ ಎಂಬ ಲೆಕ್ಕಾಚಾರ. ಹಸಿರು ಬಣ್ಣ, ಬಿಳಿ ಅಂಕಿಗಳು, ಎಮ್ಮೆಕರುವಿನ ಗಾತ್ರ. "ಬಾರ್ಡರ್‌ನಲ್ಲಿ ಓಡಿರೋ ಮಾಲು ಮೇಡಂ" ಎಂದಿದ್ದ ಗೋದಾಮಿನವನು. ಟೆಂಪೋದಿಂದ ಇಳಿಸುವಾಗ ಆ ಮಾತನ್ನು ನಾನು ಹೆಮ್ಮೆಯಿಂದ ಹೇಳಿದರೆ, ನೀವು ಅದರ ಸುತ್ತ ಒಂದು ಸುತ್ತು ಬಂದು, "ಬಾರ್ಡರ್ ಅಂದ್ರೆ ಅತ್ತಿಬೆಲೆ ಬಾರ್ಡರ್ ಇರ್ಬೇಕು ಬಿಡಿ ಮೇಡಮ್ಮ" ಎಂದಿರಿ.

ಆದರೆ ಆ ಹೊತ್ತಿಗೇ ನಿಮ್ಮ ಕೈ ಅದರ ಬೆನ್ನಿನ ಮೇಲಿತ್ತು. ನಿಮ್ಮ ಹೊಲದಲ್ಲಿ ವರ್ಷಾನುಗಟ್ಟಲೆ ಡೀಸೆಲ್ ಪಂಪು ಓಡಿಸಿದ ಕೈ. ಹಿತ್ತಲಲ್ಲಿ ಶೆಡ್ಡು ಎಬ್ಬಿಸಿ ಕಾಂಕ್ರೀಟ್ ಕಟ್ಟೆ ಹಾಕಿಸಿದಿರಿ, ಅದುರಬಾರದೆಂದು ಹಳೇ ಟೈರು ಕತ್ತರಿಸಿ ಅಡಿಗೆ ಕೊಟ್ಟಿರಿ, ಹೊಗೆ ಕೊಳವೆಯನ್ನು ಅವ್ವನ ಕಿಟಕಿಗೆ ಬೆನ್ನು ಮಾಡಿ ಮಹಡಿಯಿಂದ ಮೇಲಕ್ಕೆ ಏರಿಸಿದಿರಿ. ಸೆಲ್ಫ್ ಸ್ಟಾರ್ಟ್ ಕೆಟ್ಟಿತ್ತು. ಹ್ಯಾಂಡಲ್ ಹಾಕಿ ತಿರುಗಿಸಬೇಕು. "ಎಬ್ಬೆಟ್ಟು ಬೆರಳಿನ ಜೊತೇಲೇ ಇರ್ಬೇಕು ಮೇಡಮ್ಮ. ಇಂಗೆ ಸುತ್ತಿ ಇಡಿದ್ರೆ, ತಿರುಗಿ ಒದ್ದಾಗ ಮುರಿದಾಕ್ಬಿಡ್ತದೆ" ಎಂದು ಕಲಿಸಿದಿರಿ. ನಾನು ಕಲಿಯಲಿಲ್ಲ. ನೀವು ಅದಕ್ಕೆ ಸುಬೇದಾರ ಎಂದು ಹೆಸರಿಟ್ಟಿರಿ, ಆಯುಧಪೂಜೆಗೆ ಕುಂಬಳಕಾಯಿ ಒಡೆದಿರಿ, ಪ್ರತಿ ಶನಿವಾರ ಹತ್ತು ನಿಮಿಷ ಓಡಿಸಿ ಬಟ್ಟೆಯಿಂದ ಒರೆಸಿದಿರಿ. "ಸುಬೇದಾರ್ರು ಇವತ್ತು ಮುನಿಸ್ಕೊಂಡವ್ರೆ" ಎನ್ನುತ್ತ ನಗುವಿರಿ. ಆ ನಗು —

ಇರಲಿ, ಮುಂದಿನದು ಹೇಳುತ್ತೇನೆ. ಕರೆಂಟು ಹೋಗಿ, ನೀವು ಓಡಿ ಬಂದು, ಅದು ಏಳುವಷ್ಟರಲ್ಲಿ ನಾಲ್ಕು ನಿಮಿಷ ಬೇಕಿತ್ತು. ಆ ನಾಲ್ಕು ನಿಮಿಷ ಅವ್ವ ಆರಾಮಾಗಿರುತ್ತಿದ್ದಳು, ನನಗೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಮನೆಯೊಳಗಿನ ಮೆಟ್ಟಿಲ ಕೆಳಗೆ ಇನ್ವರ್ಟರ್ ಹಾಕಿಸಿದೆ. ಎಲೆಕ್ಟ್ರಿಷಿಯನ್ "ಎರಡೂ ಇರ್ಲಿ ಮೇಡಂ, ಏನೂ ಆಗಲ್ಲ" ಎಂದ. ಆಗಲ್ಲ ಎಂದರೆ ಆಗುತ್ತದೆ ಎಂದೇ ನನ್ನ ಕಿವಿಗೆ ಬೀಳುವುದು. ಜನರೇಟರಿನ ತಂತಿ ತೆಗೆಸಿದೆ. ಶೆಡ್ಡಿನ ಒಂದು ಬಲ್ಬು ಮಾತ್ರ ಅದಕ್ಕೆ ಉಳಿಯಿತು. ಸಂಜೆ ನಿಮಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಲುಂಗಿ ಎತ್ತಿಕಟ್ಟಿ ಓಡಿ ಬಂದಿರಿ, ತಿರುಗಿಸಿದಿರಿ, ಅದರ ಗದ್ದಲದ ಮೇಲೆ ಕೂಗಿದಿರಿ — "ಬಂತಾ ಮೇಡಮ್ಮ?"

ನಾನು ಅಡುಗೆಮನೆಯ ಸ್ವಿಚ್ ಒತ್ತಿದೆ. "ಬಂತಣ್ಣ" ಎಂದೆ.

ಅಷ್ಟೇ. ಆಮೇಲೆ ಅದು ರೂಢಿಯಾಯಿತು. ಕರೆಂಟು ಹೋದ ಕೂಡಲೇ, ಇನ್ವರ್ಟರಿನಿಂದ ಉರಿಯುತ್ತಲೇ ಇರುವ ದೀಪವನ್ನು ಓಡಿ ಹೋಗಿ ಆರಿಸುವುದು. ನಿಮ್ಮ ಸದ್ದಿಗೆ ಕಾಯುವುದು. ನೀವು ಕೂಗಿದ ಮೇಲೆ ಹಚ್ಚುವುದು. ಐವತ್ತೆರಡು ವರ್ಷದ ಹೆಂಗಸು, ಕತ್ತಲಲ್ಲಿ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು. ಒಳಗಿಂದ ಅವ್ವ, "ನಾಟಕ ಚಾಲು ಆತೇನವಾ?" ಎನ್ನುವಳು. ಡೀಸೆಲ್ ಕಾಲಲ್ಲಿ ಒಳಗೆ ಬರಲ್ಲ ಎಂದು ನೀವು ಹಿತ್ತಲ ಬಾಗಿಲು ದಾಟುತ್ತಿರಲಿಲ್ಲ. ನಿಮ್ಮ ಆ ಮರ್ಯಾದೆಯನ್ನೇ ನಾನು ಬಳಸಿಕೊಂಡೆ.

ನಿಮ್ಮ ಸಂತೋಷ ಕೆಡಿಸಬಾರದೆಂದು ಸುಮ್ಮನಿದ್ದೆ ಎಂದುಕೊಳ್ಳುತ್ತಿದ್ದೆ. ಪೂರ್ತಿ ನಿಜವಲ್ಲ. ಅವ್ವನ ಉಸಿರಿನ ಚಿಂತೆಯಲ್ಲಿ ಅರ್ಧವನ್ನು ಕೇಳದೆಯೇ ಹೊತ್ತುಕೊಂಡ ಒಬ್ಬ ಮನುಷ್ಯ ಸಿಕ್ಕಿದ್ದ — ಇಳಿಸಿಬಿಡಿ ಎನ್ನಲು ನನಗೇ ಮನಸ್ಸಾಗಲಿಲ್ಲ.

ಸುಳ್ಳಿಗೆ ಒಂದು ವರ್ಷವಾಗಿದ್ದಾಗ ಚಿಂತಾಮಣಿಯಲ್ಲಿ ನಿಮ್ಮ ಮಗಳ ಮಗುವಿನ ನಾಮಕರಣ ಬಂತು. ಬೆಳ್ಳಿಯ ಉಡಿದಾರವನ್ನು ನೀವೇ ಆರಿಸಿ ತಂದು, ಪೊಟ್ಟಣ ಬಿಚ್ಚಿ ಕಿಟಕಿಯಿಂದ ಅವ್ವನಿಗೂ ತೋರಿಸಿದ್ದಿರಿ — ತಾತನೇ ಕಟ್ಟಬೇಕಾದ್ದು ಎಂದು. ಹೊರಡುವ ಬೆಳಿಗ್ಗೆ ವ್ಯಾನು ಗೇಟಿನ ಮುಂದೆ ನಿಂತಿತ್ತು. ನೀವು ಅಂಗಿಯನ್ನೇ ಹಾಕಿರಲಿಲ್ಲ.

"ಬರ್ತೀಯೋ ಇಲ್ವೋ? ಆ ಮಿಷನ್ನೇ ಕಟ್ಕೋಬೇಕಿತ್ತು ನೀನು!" ಎಂದರು ನಿಮ್ಮ ಹೆಂಡತಿ ಜಯಮ್ಮಕ್ಕ, ಸೀರೆಯ ನೆರಿಗೆ ಹಿಡಿದುಕೊಂಡು.

"ಎರಡು ದಿನ ಕಣೆ. ಅಜ್ಜಿ ಮಿಷನ್ ನಿಂತೋದ್ರೆ ಯಾರು ನೋಡ್ತಾರೆ? ಅವ್ರ ಕೈಲಿ ಆಂಡಲ್ ತಿರುಗ್ಸಕ್ಕಾಗ್ತದಾ?" ಎಂದು ನನ್ನ ಕಡೆ ತಿರುಗಿದಿರಿ. "ನಾನಿರ್ತೀನಿ ಬಿಡಿ ಮೇಡಮ್ಮ."

ಒಂದೇ ವಾಕ್ಯ ಸಾಕಿತ್ತು. ಆದರೆ ಆ ವಾಕ್ಯದ ಹಿಂದೆ ಒಂದು ವರ್ಷವನ್ನೂ ಹೇಳಬೇಕಿತ್ತು — ವ್ಯಾನಿನಲ್ಲಿ ಕೂತ ನಿಮ್ಮ ನೆಂಟರೆಲ್ಲರ ಎದುರು. ನನ್ನ ಮುಖ ಉಳಿಯಬೇಕಿತ್ತು. "ಸರಿ ಅಣ್ಣ" ಎಂದೆ. ವ್ಯಾನು ಹೋಯಿತು. ಆ ಎರಡು ದಿನ ಕರೆಂಟು ಕಣ್ಣು ಕೂಡ ಮಿಟುಕಿಸಲಿಲ್ಲ.

ಈ ಪತ್ರವನ್ನು ನಿಮ್ಮ ಕೈಗಿಟ್ಟು ತಪ್ಪಿಸಿಕೊಳ್ಳುವುದಿಲ್ಲ. ಬರುವ ಶನಿವಾರ ಶೆಡ್ಡಿಗೆ ಬಂದು, ನಾನೇ ಓದುತ್ತೇನೆ. ಮನೆ ಬಿಡಿ ಎಂದರೆ ಬಿಡುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ನೀವು ಒರೆಸುವ ಬಟ್ಟೆಯನ್ನು ಮಡಿಸಿಟ್ಟುಬಿಟ್ಟರೆ — ಅದಕ್ಕೆ ಮಾತ್ರ ನನ್ನ ಬಳಿ ತಯಾರಿ ಇಲ್ಲ.

ಆಗ ಜಯಮ್ಮಕ್ಕ ಚಿಂತಾಮಣಿಯಿಂದ ಮರಳಿ ಬಂದ ದಿನ ಹಿತ್ತಲ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಫೋಟೋ ತೋರಿಸಿದರು. ನಾನೂ ಪಕ್ಕದಲ್ಲಿದ್ದೆ. ತೊಟ್ಟಿಲು, ಹೂವು, ಅಳುತ್ತಿರುವ ಮೊಮ್ಮಗಳು. ಅವಳ ಸೊಂಟಕ್ಕೆ ಉಡಿದಾರ ಕಟ್ಟುತ್ತಿರುವ, ಉಂಗುರ ತೊಟ್ಟ ಯಾರದೋ ಕೈ. ನೀವು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ, ಆ ಬೆಳ್ಳಿ ಎಳೆಯನ್ನೇ ಬಹಳ ಹೊತ್ತು ನೋಡಿದಿರಿ.

"ಒಸಿ ಸಡ್ಲ ಕಟ್ಟವ್ರೆ" ಎಂದಿರಿ.